ಕೆಲಸದ ಕೈ

ನನ್ನ ಗಂಡನ ಎಡಗೈಗೆ ಎಷ್ಟು ದುಡ್ಡು ಬರುತ್ತದೆಂದು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರು ನಾವಿಬ್ಬರೇ. ಕ್ಷೌರದ ಅಂಗಡಿಯವನು ಒಂದು ಲೆಕ್ಕ ಹೇಳುತ್ತಿದ್ದ, ಮನೆ ಒಡತಿ ಅದಕ್ಕೆ ಇನ್ನೊಂದು ಸೊನ್ನೆ ಸೇರಿಸುತ್ತಿದ್ದಳು, ಹಾಲಿನವನು ಕೇಳಿಸಿಕೊಂಡದ್ದು ಅದರ ಎರಡರಷ್ಟು. ಅಂಗಡಿಗೆ ಹೋಗಿ ಕಾಲು ಕಿಲೋ ಸಕ್ಕರೆ ಕೇಳಿದರೆ, "ಇನ್ನೇನಮ್ಮ, ಇನ್ಮೇಲೆ ನೀವು ಮೂಟೆಗಟ್ಟಲೆ ತಗೊಳ್ಳೋರು" ಎಂದು ಹಲ್ಲು ಕಿರಿಯುತ್ತಿದ್ದರು. ನನ್ನ ಗಂಡನಿಗೆ ಹೋಗಿರುವುದು ನಾಲ್ಕು ಬೆರಳು, ಹೊಡೆದಿರುವುದು ಲಾಟರಿ ಅಲ್ಲ ಎಂದರೆ, "ತಮಾಷೆಗೆ ಅಂದೆ ಕಣಮ್ಮ, ನಿಮಗೆ ಮೂಗಿನ ತುದೀಲೇ ಕೋಪ" ಎನ್ನುತ್ತಿದ್ದರು. ಹೌದು, ಮೂಗಿನ ತುದಿಯಲ್ಲೇ ಇದೆ. ಇನ್ನೆಲ್ಲಿ ಇಟ್ಟುಕೊಳ್ಳಲಿ?

ಆ ವರ್ಷ ಎಲ್ಲರ ಬಾಯಲ್ಲೂ ಪರಿಹಾರದ್ದೇ ಮಾತು. ಯಾರೋ ಒಬ್ಬ ದೊಡ್ಡ ಅಂಗಡಿಯ ನೆಲದ ಮೇಲೆ ಜಾರಿಬಿದ್ದು ಬೆನ್ನು ಉಳುಕಿಸಿಕೊಂಡನಂತೆ, ಸಿಕ್ಕ ಹಣದಲ್ಲಿ ಮಹಡಿ ಮನೆ ಎಬ್ಬಿಸಿದನಂತೆ. ಅವನು ಯಾರದೋ ಮದುವೆಯಲ್ಲಿ ಕುಣಿಯುವ ವಿಡಿಯೋ ಎಲ್ಲರ ಫೋನಿಗೂ ಬಂತು. ಬಸ್ ಚಾರ್ಜು ಏರಿತು. ಅಪಘಾತದವರಿಗೆ ಕೊಟ್ಟೂ ಕೊಟ್ಟೂ ಸಾಕಾಗಿದೆ, ಅದಕ್ಕೇ ಏರಿಸಿದ್ದೇವೆ ಎಂದರು ಬಸ್ಸಿನವರು. ವಿಮೆಯ ಕಂತು ಏರಿತು, ಅದಕ್ಕೂ ಅದೇ ನೆಪ. ಟಿವಿಯಲ್ಲಿ ಸಂಜೆ ಸಂಜೆ ಒಂದು ಕಾರ್ಯಕ್ರಮ, ಹೆಸರು 'ಗಾಯವೋ, ಆದಾಯವೋ?' ಕೋಟು ಹಾಕಿಕೊಂಡ ನಾಲ್ಕು ಜನ ಕೂತು ಕಿರುಚಾಡುತ್ತಿದ್ದರು. ಅವರಲ್ಲಿ ಒಬ್ಬನ ಮೈಮೇಲಾದರೂ ಒಂದು ಗೀರು ಇರಬೇಕಲ್ಲ, ಊಹೂಂ. ನಮ್ಮ ಬೀದಿಯವರು ಅದನ್ನು ತಪ್ಪದೆ ನೋಡುತ್ತಿದ್ದರು, ಬೆಳಿಗ್ಗೆ ಎದ್ದು ನಮ್ಮ ಬಾಗಿಲನ್ನು ನೋಡುತ್ತಿದ್ದರು.

ನಮ್ಮವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ನಾನು ಅಲ್ಲೇ ಮೇಲಿನ ಮಹಡಿಯಲ್ಲಿ ದಿನವಿಡೀ ಅಂಗಿಗಳಿಗೆ ಕಾಲರ್ ಕೂರಿಸುವವಳು. ನನ್ನ ಒಡಹುಟ್ಟಿದ ಅಣ್ಣನೂ ಕಟಿಂಗ್ ಮಾಸ್ಟರೇ. ನಮ್ಮವರಿಗೆ ಕೆಲಸ ಕಲಿಸಿದವನೂ ಅವನೇ, "ಒಳ್ಳೆಯವನು ಕಣೇ, ಸುಳ್ಳು ಹೇಳೋಕೂ ಬರಲ್ಲ" ಎಂದು ಹೇಳಿ ನನ್ನನ್ನು ಅವರಿಗೆ ಕೊಟ್ಟವನೂ ಅವನೇ. ಹಾಗಾಗಿ ಅವನಿಗೆ ಇವರು ಭಾವ, ಇವರಿಗೆ ಅವನು ಭಾವ. ಮೇಜಿನ ಆ ಕಡೆ ಒಬ್ಬ ಭಾವ, ಈ ಕಡೆ ಒಬ್ಬ ಭಾವ. ಯಾರಾದರೂ ಬೇಕೆಂದೇ "ಭಾವಾ" ಎಂದು ಕೂಗಿದರೆ ಇಬ್ಬರೂ ತಲೆ ಎತ್ತುತ್ತಿದ್ದರು, ಕೋಣೆಯೆಲ್ಲ ನಗುತ್ತಿತ್ತು.

ಆ ಕೋಣೆಯ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಗೇಣೆತ್ತರಕ್ಕೆ ಹಾಸುತ್ತಾರೆ. ಎಲ್ಲಕ್ಕೂ ಮೇಲೆ ಗೆರೆ ಹಾಕಿದ ಕಾಗದ. ನೆಟ್ಟಗೆ ನಿಂತ ಅಲಗಿನ ಒಂದು ಯಂತ್ರವಿರುತ್ತದೆ, ಅದನ್ನು ಬಲಗೈಯಲ್ಲಿ ಹಿಡಿದು ಗೆರೆಯ ಗುಂಟ ತಳ್ಳಿಕೊಂಡು ಹೋಗಬೇಕು. ತಳ್ಳುವುದೇನು ಮಹಾ, ಯಾರು ಬೇಕಾದರೂ ತಳ್ಳಿಯಾರು. ಎಡಗೈ ಮಾತ್ರ ಅಲಗಿನ ಪಕ್ಕದಲ್ಲೇ ಬಟ್ಟೆಯನ್ನು ಒತ್ತಿ ಹಿಡಿದಿರಬೇಕು. ಒಳಗೆ ಯಾವ ಪದರ ಜಾರುತ್ತಿದೆ, ಯಾವುದು ಸುಕ್ಕಾಗಿದೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು. ತಿಳಿಯದಿದ್ದರೆ ಅಷ್ಟೂ ಅಂಗಿಗಳ ಹೆಗಲು ಸೊಟ್ಟ. ಅದಕ್ಕೇ ಆ ಕೋಣೆಯಲ್ಲಿ ಬಲಗೈಗೆ 'ತಳ್ಳೋ ಕೈ' ಎಂದೂ ಎಡಗೈಗೆ 'ಕೆಲಸದ ಕೈ' ಎಂದೂ ಹೆಸರು. ನಮ್ಮವರು ಕಲಿಯುತ್ತಿದ್ದಾಗ ಅಣ್ಣ, "ತಳ್ಳೋ ಕೈನ ಮರ್ತುಬಿಡೋ ಮಾರಾಯ, ಕೆಲಸದ ಕೈ ಮೇಲೆ ಜೀವ ಇಡೋ!" ಎಂದು ಕಿರುಚುತ್ತಿದ್ದದ್ದು ಮೇಲಿದ್ದ ನಮಗೂ ಕೇಳುತ್ತಿತ್ತು. ನಾವು ಹೆಂಗಸರು ಅದನ್ನೇ ಅಣಕಿಸಿಕೊಂಡು ನಗುತ್ತಿದ್ದೆವು.

ಕೆಲಸದ ಕೈಗೆ ಉಕ್ಕಿನ ಬಲೆಯ ಗವಸು ಹಾಕಿಕೊಳ್ಳಬೇಕು. ನಮ್ಮವರ ಗವಸು ಬೆರಳ ಸಂದಿಯಲ್ಲಿ ಹರಿದು ಜೋತಾಡುತ್ತಿತ್ತು. ಹೊಸದು ಕೇಳಿದರು, ಮೇಲ್ವಿಚಾರಕ "ಬರುತ್ತೆ" ಎಂದ. ಮತ್ತೆ ಕೇಳಿದರು, "ಬರ್ತಾ ಇದೆ" ಎಂದ. ಆ ಗವಸು ಯಾವ ದೇಶದಿಂದ ನಡೆದುಕೊಂಡು ಬರುತ್ತಿತ್ತೋ ದೇವರೇ ಬಲ್ಲ. ಅದು ಬರುವುದಕ್ಕೆ ಮೊದಲೇ ಹರಿದ ಬಲೆ ಅಲಗಿಗೆ ಸಿಕ್ಕಿ ಕೈಯನ್ನೂ ಎಳೆದುಕೊಂಡಿತು. ನಾನು ಮೆಟ್ಟಿಲಿಳಿದು ಓಡಿ ಬಂದಾಗ ಅಣ್ಣ ಅವರ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡು, "ಭಾವ, ನನ್ನ ಮುಖ ನೋಡು, ಕೆಳಗೆ ನೋಡ್ಬೇಡ" ಎಂದು ಅಳುತ್ತಿದ್ದ. ಅವನ ಅಂಗಿಯೆಲ್ಲ ನನ್ನ ಗಂಡನ ರಕ್ತ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಹೆಬ್ಬೆರಳು ಉಳಿಯಿತು, ಉಳಿದ ನಾಲ್ಕೂ ಹೋದವು.

ನಮಗೆ ಬೇಕಾಗಿದ್ದದ್ದು ಮಹಡಿ ಮನೆಯಲ್ಲ. ಬೀದಿಯ ತುದಿಯಲ್ಲಿ, ಕ್ಷೌರದ ಅಂಗಡಿಯ ಪಕ್ಕ, ಒಂದು ಸಣ್ಣ ಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ಮುಂಗಡ ಕೊಟ್ಟು ಎರಡು ಹೊಲಿಗೆ ಯಂತ್ರ, ಒಂದು ಮೇಜು ಹಾಕಿಕೊಂಡರೆ ಸಾಕು. ಇವರು ಅಳತೆ ತೆಗೆದು ಗುರುತು ಹಾಕಿ ಕೊಟ್ಟರೆ ನಾನು ಕತ್ತರಿಸಿ ಹೊಲಿಯುತ್ತೇನೆ. ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕಬಹುದು. ವಕೀಲರು ಮೊದಲೇ ಹೇಳಿದ್ದರು: ಪರಿಹಾರದ ಪಟ್ಟಿಯಲ್ಲಿ ಕೆಲಸದ ಕೈಗೆ ಒಂದು ದರವಿದೆ, ಇನ್ನೊಂದು ಕೈಗೆ ಅದರ ಅರ್ಧಕ್ಕಿಂತ ಕಡಿಮೆ. ಮೇಲಿನ ದರ ಸಿಕ್ಕರೆ ನಮಗೆ ಕೋಣೆ, ಕೆಳಗಿನದು ಸಿಕ್ಕರೆ ಕೋಣೆಯಿಲ್ಲ. ನಮ್ಮ ಆಸೆಯೆಲ್ಲ ಅಷ್ಟರಲ್ಲೇ ಇತ್ತು.

ವಿಚಾರಣೆಯ ದಿನ ವಕೀಲರಿಗೆ ಬೇರೆ ಕೇಸುಗಳೂ ಇದ್ದವು. ಮೆಟ್ಟಿಲ ಮೇಲೆ ಸಿಕ್ಕಿ, "ಏನು ಕೇಳ್ತಾರೋ ಅದಕ್ಕೆ ನಿಜ ಹೇಳಿ, ಅಷ್ಟೇ" ಎಂದರು. ನಿಜ ಹೇಳಬೇಕಂತೆ! ನಮ್ಮವರಿಗೆ ಅದು ಬಿಟ್ಟು ಇನ್ನೇನು ಬರುತ್ತದೆ?

ಪರಿಹಾರದ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ನಿಮ್ಮ ಕೆಲಸದ ಕೈ ಯಾವುದು?"

ನಮ್ಮವರು ಯೋಚಿಸಲೇ ಇಲ್ಲ. "ಎಡಗೈ ಸಾರ್."

ಕಂಪನಿಯ ವಕೀಲ ಬಹಳ ಮರ್ಯಾದೆಯಿಂದ ಎದ್ದು ಬಂದ. ಒಂದು ಹಾಳೆ ಚಾಚಿ, ಪೆನ್ನನ್ನು ಮೇಜಿನ ನಟ್ಟನಡುವೆ ಇಟ್ಟು, "ಇಲ್ಲೊಂದು ಸಹಿ ಹಾಕಿ ಮಾಸ್ಟ್ರೇ" ಎಂದ. ನಮ್ಮವರು ಪೆನ್ನನ್ನು ಬಲಗೈಯಲ್ಲಿ ಎತ್ತಿಕೊಂಡು ಸಹಿ ಹಾಕಿದರು. ಅವರ ಸಹಿ ಬಹಳ ಚೆಂದ, ಬಾಲವೆಲ್ಲ ಸುತ್ತಿಕೊಂಡಿರುತ್ತದೆ. ಅದನ್ನೂ ತಪ್ಪದೆ ಸುತ್ತಿದರು. ಹಿಂದೆ ಕೂತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ಊಟ ಯಾವ ಕೈಲಿ ಮಾಡ್ತೀರಿ?"

"ಬಲಗೈಲಿ ಸಾರ್."

"ತಲೆ ಬಾಚೋದು?"

"ಬಲಗೈಲಿ."

"ಕೆಲಸ ಮಾತ್ರ ಎಡಗೈಲಿ! ಸ್ವಾಮಿ, ಬರ್ಕೊಳ್ಳಿ" ಎಂದು ಕಂಪನಿಯ ವಕೀಲ ಅಧಿಕಾರಿಯ ಕಡೆ ತಿರುಗಿ ನಕ್ಕ.

ಆಗ ನಮ್ಮವರಿಗೆ ತಾನು ಎಲ್ಲಿ ಕಾಲಿಟ್ಟೆ ಎಂದು ಅರ್ಥವಾಯಿತು. "ಹಾಗಲ್ಲ ಸಾರ್, ನಮ್ಮ ಕೋಣೇಲಿ ಕೆಲಸದ ಕೈ ಅಂದ್ರೆ ಎಡಗೈನೇ. ಬಲಗೈ ಬರೀ ತಳ್ಳುತ್ತೆ. ಎಡಗೈ ನೋಡುತ್ತೆ" ಎಂದರು.

"ಕೈ ನೋಡುತ್ತಾ?" ಎಂದರು ಅಧಿಕಾರಿ. ಈ ಸಲ ಎಲ್ಲರೂ ನಕ್ಕರು.

ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿತ್ತು. ತೋರಿಸುತ್ತೇನೆ ಎಂದು ನಮ್ಮವರು ಅದರ ಅಂಚನ್ನು ಮಡಿಸಿ, ಮಡಿಸಿದ ಪದರಗಳ ಮೇಲೆ ಎಡಗೈಯಿಟ್ಟು ಒತ್ತಿದರು. ಒತ್ತುವುದಕ್ಕೆ ಅಲ್ಲಿ ಬೆರಳೆಲ್ಲಿತ್ತು? ಬಟ್ಟೆ ಜಾರಿ ಬಿಚ್ಚಿಕೊಂಡಿತು. ಮತ್ತೆ ಮಡಿಸಿದರು, ಮತ್ತೆ ಜಾರಿತು. ನಾನು ತಲೆ ತಗ್ಗಿಸಿಬಿಟ್ಟೆ. ಆ ಅಧಿಕಾರಿ ಕೆಟ್ಟವರೇನಲ್ಲ, ಅವರಿಗೇ ಕಸಿವಿಸಿಯಾಯಿತು. "ಸಾಕು ಬಿಡಿ. ನಿಮ್ಮ ಜೊತೆ ಅದೇ ಕೆಲಸ ಮಾಡೋರು ಒಬ್ಬರು ಬಂದು, ಈ ಮಾತು ನಿಮ್ಮಲ್ಲಿ ಚಾಲ್ತೀಲಿದೆ ಅಂತ ಹೇಳಲಿ. ಅಷ್ಟು ಹೇಳಿದ್ರೆ ನಾನು ಒಪ್ತೀನಿ" ಎಂದು ಮುಂದಿನ ತಾರೀಕು ಕೊಟ್ಟರು.

ಆ ಕೋಣೆಯಲ್ಲಿದ್ದ ಮಾಸ್ಟರುಗಳು ಮೂವರೇ. ಒಬ್ಬರು ನಮ್ಮವರು, ಒಬ್ಬ ಮಾಲೀಕನ ಷಡ್ಡಕ, ಇನ್ನೊಬ್ಬ ನನ್ನ ಅಣ್ಣ. ನನಗೆ ಎಷ್ಟು ಹಗುರವಾಯಿತೆಂದರೆ, ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಾನೇ ನಗಾಡಿದೆ. "ಸದ್ಯ, ಅಣ್ಣ ಇದ್ದಾನಲ್ಲ! ಆ ಮಾತನ್ನ ನಿಮಗೆ ಕಲಿಸಿದೋನೇ ಅವನು" ಎಂದೆ. ನಮ್ಮವರು ನಗಲಿಲ್ಲ. "ಅಲ್ಲಿ ಕೂತಿದ್ದೋರೆಲ್ಲ ನಾನು ಸುಳ್ಳು ಹೇಳ್ದೆ ಅಂದ್ಕೊಂಡ್ರು ಕಣೇ" ಎಂದರು.

ಅಲ್ಲಿ ಕೂತಿದ್ದವರಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಿಂದೆ ಕಿಸಕ್ಕೆಂದವನು ಪತ್ರಿಕೆಯವನಾಗಿದ್ದ. ಮಾರನೆಯ ದಿನ 'ಬಲಗೈ ಸಹಿ, ಎಡಗೈ ದುಡಿಮೆ!' ಎಂದು ಅಚ್ಚಾಯಿತು. ಸಂಜೆ ಕೋಟಿನವರು ಅದರ ಮೇಲೆ ಚರ್ಚೆ ಮಾಡಿದರು. ನಮ್ಮವರಿಗೆ ಬೀದಿಯಲ್ಲಿ ಹೊಸ ಹೆಸರು ಬಿತ್ತು, 'ಎಡಗೈ ಸಾಹುಕಾರ'. ಮನೆ ಒಡತಿ ಬಂದು, ಬರುವ ತಿಂಗಳಿಂದ ಬಾಡಿಗೆ ಸ್ವಲ್ಪ ಜಾಸ್ತಿ ಕೊಡಿ, ನಿಮಗೇನು ಈಗ ಎಂದಳು. ಅಟ್ಟದಿಂದ ಬಿದ್ದವನನ್ನು ದಡಿ ತೆಗೆದುಕೊಂಡು ಬಡಿಯುವುದೆಂದರೆ ಇದೇ ಇರಬೇಕು.

ಒಂದು ಬೆಳಿಗ್ಗೆ ನಮ್ಮವರು ನೀರಿನ ಬಕೆಟ್ಟಿನ ಹಿಡಿಯನ್ನು ಎಡ ಮೊಣಕೈಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಕ್ಷೌರದವನು ಅಂಗಡಿಯೊಳಗಿಂದಲೇ ಅದರ ವಿಡಿಯೋ ತೆಗೆದು, 'ಕೈ ಹೋದವರ ಕೈಚಳಕ' ಎಂದು ಬರೆದು ಎಲ್ಲರಿಗೂ ಕಳಿಸಿದ. ನನ್ನ ಫೋನಿಗೂ ಬಂತು. ನಾನು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ನೆಟ್ಟಗೆ ಅವನ ಅಂಗಡಿಗೆ ನಡೆದೆ. ಕುರ್ಚಿಯಲ್ಲಿ ಒಬ್ಬ ಗಿರಾಕಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ.

"ಏನಪ್ಪ, ನಿನ್ನ ಕತ್ತಿ ಯಾವ ಕೈಲಿರುತ್ತೆ?" ಎಂದೆ.

"ಬಲಗೈಲಿ. ಯಾಕಕ್ಕ?"

"ಗಿರಾಕಿ ಕೆನ್ನೆನ ಎಳೆದು ಹಿಡಿಯೋದು?"

"ಅದು ಎಡಗೈ."

"ಎಡಗೈನ ಬೆನ್ನಿಗೆ ಕಟ್ಕೊಂಡು ಇವರಿಗೆ ಬೋಳಿಸು, ನೋಡೋಣ."

"ಅಯ್ಯಯ್ಯೋ ಬೇಡಮ್ಮ ತಾಯಿ, ನಿಮ್ಮ ಪಂಥ ನನ್ನ ಮುಖದ ಮೇಲೆ ಬೇಡ!" ಎಂದು ಗಿರಾಕಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಕ್ಷೌರದವನೂ ನಕ್ಕ. ಅರ್ಥವಾಯಿತಲ್ಲ, ಅಂತೂ ಒಬ್ಬನಿಗಾದರೂ ಅರ್ಥವಾಯಿತು ಎಂದುಕೊಂಡೆ.

ಅವನು ಕತ್ತಿಯನ್ನು ಒರೆಸುತ್ತಾ ಹೇಳಿದ: "ನೀವು ಹೇಳೋದು ಸರಿ ಅಕ್ಕ. ಆದ್ರೂ ಅಷ್ಟೊಂದು ದುಡ್ಡು ಯಾಕೆ? ನಾನು ನಿಂತೂ ನಿಂತೂ ಕಾಲಿನ ನರ ಎಲ್ಲ ಹೀಗೆ ಎದ್ದಿದೆ. ನನಗ್ಯಾರು ಕೊಟ್ರು?" ಹೇಳುತ್ತಲೇ ಪ್ಯಾಂಟು ಎತ್ತಿ ತೋರಿಸಿದ. ನಿಜವಾಗಿಯೂ ನರಗಳು ಹಗ್ಗದಷ್ಟು ದಪ್ಪಕ್ಕೆ ಎದ್ದಿದ್ದವು. ಅಯ್ಯೋ ಅನಿಸಿತು. ಆದರೆ ಅವನ ಕಾಲಿಗೆ ಹಾಗೆ ಮಾಡಿದವನು ನನ್ನ ಗಂಡನೇ? ಕೊಡದವರನ್ನು ಹೋಗಿ ಕೇಳುವುದು ಬಿಟ್ಟು, ಪಡೆಯುವವನ ಮೇಲೆ ಕಣ್ಣು. ಅದನ್ನು ಹೇಳುವಷ್ಟರಲ್ಲಿ ಅವನು ಗಿರಾಕಿಯ ಕೆನ್ನೆಯನ್ನು ಎಡಗೈಯಲ್ಲಿ ಎಳೆದು ಹಿಡಿದು ಕೆಲಸ ಶುರುಮಾಡಿದ್ದ. ನಾನು ವಾಪಸ್ಸು ಬಂದಾಗ ಪಾತ್ರೆ ತಳ ಹಿಡಿದಿತ್ತು.

ಕಾರ್ಖಾನೆಯಲ್ಲಿ ಇದಕ್ಕಿಂತ ಹೆಚ್ಚಿನದು ಕಾದಿತ್ತು. ಊಟದ ಕೋಣೆಯ ಗೋಡೆಗೆ ಮಾಲೀಕ ಒಂದು ಪ್ರಕಟಣೆ ಅಂಟಿಸಿದ: ಪರಿಹಾರದ ಮೊತ್ತಗಳು ಮಿತಿ ಮೀರುತ್ತಿರುವುದರಿಂದ, ನಡೆಯುತ್ತಿರುವ ಪ್ರಕರಣ ಮುಗಿಯುವವರೆಗೆ ಯಾರಿಗೂ ಬೋನಸ್ ಇಲ್ಲ, ಸಹಕರಿಸಿ. ಎಷ್ಟು ಜಾಣ ನೋಡಿ! ಒಂದು ಗವಸು ತರಿಸಲು ತಿಂಗಳುಗಟ್ಟಲೆ ಆಗದವನಿಗೆ ಆ ಕಾಗದ ಅಂಟಿಸಲು ಅರ್ಧ ದಿನ ಸಾಕಾಯಿತು. ಅವತ್ತಿನಿಂದ ನನ್ನ ಸಾಲಿನ ಹೆಂಗಸರು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ನನ್ನ ಪಕ್ಕದ ಯಂತ್ರದವಳು, ಆಸ್ಪತ್ರೆಯಲ್ಲಿ ನನ್ನ ಜೊತೆ ರಾತ್ರಿಯಿಡೀ ಕೂತಿದ್ದವಳು, ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಗಂಡಂಗೆ ಬೇಕಾದಷ್ಟು ಬರಲಿ, ಬೇಡ ಅನ್ನಲ್ಲ. ನಮ್ಮ ತಟ್ಟೆಯಿಂದ ಯಾಕೆ?"

"ನಿನ್ನ ತಟ್ಟೆಯಿಂದ ಅಂತ ಯಾರೇ ಹೇಳಿದ್ದು?"

"ಗೋಡೆ ಮೇಲೆ ಬರೆದಿದೆಯಲ್ಲ."

ಗೋಡೆಯ ಮೇಲೆ ಬರೆದದ್ದೆಲ್ಲ ನಿಜವಾದರೆ 'ಸುರಕ್ಷತೆಯೇ ಮೊದಲು' ಎಂದೂ ಬರೆದಿದೆಯಲ್ಲೇ, ಎಂದೆ. ಅವಳು ಯಂತ್ರದ ಪೆಡಲನ್ನು ಜೋರಾಗಿ ತುಳಿದಳು, ನನ್ನ ಮಾತು ಅವಳಿಗೆ ಕೇಳಿಸಲಿಲ್ಲ.

ತಾರೀಕಿಗೆ ಮೊದಲು ಅಣ್ಣನ ಮನೆಗೆ ಹೋದೆ. ಅತ್ತಿಗೆ ನೀರು ಕೊಟ್ಟಳು, ಕೂತುಕೋ ಎನ್ನಲಿಲ್ಲ. ಅಣ್ಣ ಕೆಲಸದಿಂದ ಆಗಷ್ಟೇ ಬಂದಿದ್ದ, ಕಿವಿಯಲ್ಲಿ ಬಟ್ಟೆಯ ಸಣ್ಣ ಧೂಳು ಹಾಗೇ ಇತ್ತು.

"ಒಂದು ಮಾತು ಅಣ್ಣ. ಕೆಲಸದ ಕೈ ಅಂದ್ರೆ ನಮ್ಮಲ್ಲಿ ಎಡಗೈ ಅಂತ. ಇಷ್ಟು ಹೇಳಿದ್ರೆ ಸಾಕು" ಎಂದೆ.

"ಅದಕ್ಕೇನಂತೆ, ಹೇಳ್ತೀನಿ ಬಿಡು. ಇರೋದನ್ನ ಹೇಳೋಕೇನು?" ಎಂದ.

ಒಳಗೆ ಅತ್ತಿಗೆ ಪಾತ್ರೆ ಕುಕ್ಕಿದಳು. "ಇರೋದನ್ನ ಹೇಳಿ ಇರೋ ಕೆಲಸಾನೂ ಕಳ್ಕೊಳ್ಳಿ. ಮಗಳ ಕಾಲೇಜಿಗೆ ಏನು ಕಟ್ತೀರೋ, ನಿಮ್ಮ ಎಡಗೈ ಕಟ್ತೀರೇನೋ" ಎಂದು ಗೋಡೆಗೆ ಹೇಳುವವಳಂತೆ ಹೇಳಿದಳು.

"ನೀನು ಸುಮ್ನಿರೇ" ಎಂದು ಅಣ್ಣ ಗದರಿದ. ಬಾಗಿಲವರೆಗೂ ಬಂದು ನನ್ನ ತಲೆ ಸವರಿದ. "ಹೆದರ್ಕೋಬೇಡ. ನಾನಿಲ್ವಾ?" ಎಂದ. ಅಪ್ಪ ಹೋದ ದಿನವೂ ಅವನು ಅದನ್ನೇ ಹೇಳಿದ್ದ, ಹೇಳಿದಂತೆ ನಡೆದುಕೊಂಡಿದ್ದ. ತಾನು ಓದುವುದನ್ನು ಬಿಟ್ಟು ನನ್ನನ್ನು ಸಾಕಿದವನು ಅವನು. ನಾನು ನಂಬದೆ ಇನ್ನು ಯಾರನ್ನು ನಂಬಲಿ? ಮನೆಗೆ ಬರುವ ದಾರಿಯಲ್ಲಿ ಆ ಖಾಲಿ ಕೋಣೆಯ ಬಾಗಿಲ ಸಂದಿಯಿಂದ ಇಣುಕಿ, ಮೇಜನ್ನು ಕಿಟಕಿಯ ಕಡೆ ಹಾಕಿದರೆ ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಲೆಕ್ಕ ಹಾಕಿಕೊಂಡೆ.

ವಿಚಾರಣೆಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನಮಗಿಂತ ಮುಂಚೆಯೇ ಬಂದಿದ್ದ, ಆದರೆ ನಮ್ಮ ಬೆಂಚಿನಲ್ಲಿ ಕೂತಿರಲಿಲ್ಲ. ಮೇಲ್ವಿಚಾರಕನ ಪಕ್ಕ ಕೂತಿದ್ದ. ನಾನು ಕೈ ಬೀಸಿದೆ. ಅವನು ಫ್ಯಾನಿನ ಕಡೆ ನೋಡಿದ.

ಅಧಿಕಾರಿ ಕೇಳಿದರು: "ನಿಮ್ಮ ಕಟಿಂಗ್ ಕೋಣೇಲಿ 'ಕೆಲಸದ ಕೈ' ಅಂದ್ರೆ ಎಡಗೈ ಅನ್ನೋ ಮಾತಿದೆಯಾ?"

ಅಣ್ಣ ಗಂಟಲು ಸರಿಮಾಡಿಕೊಂಡ. "ಅಂಥ ಮಾತೇನೂ ಇಲ್ಲ ಸಾರ್. ಕೆಲಸದ ಕೈ ಅಂದ್ರೆ ಎಲ್ರಿಗೂ ಬಲಗೈನೇ."

ನಮ್ಮ ವಕೀಲರು ದಡಬಡಿಸಿ ಎದ್ದರು. "ಸರಿಯಾಗಿ ಯೋಚಿಸಿ ಹೇಳಿ. ಇವರಿಗೆ ಕೆಲಸ ಕಲಿಸಿದ್ದು ನೀವೇ ಅಲ್ವಾ? ಕಲಿಸುವಾಗ ಏನು ಹೇಳ್ತಿದ್ರಿ?"

"ನೆನಪಿಲ್ಲ ಸಾರ್. ಹುಷಾರಾಗಿ ಮಾಡು ಅಂತಿದ್ದೆ."

ಹೀಗೆ ಹೇಳುತ್ತಿದ್ದಾಗ ಅವನ ಎಡಗೈ ಮೇಜಿನ ಮೇಲಿನ ಹಸಿರು ಬಟ್ಟೆಯ ಒಂದು ಸುಕ್ಕನ್ನು ಹುಡುಕಿಕೊಂಡು ಹೋಗಿ, ಒತ್ತಿ, ಸವರಿ ನೆಟ್ಟಗೆ ಮಾಡುತ್ತಿತ್ತು. ಅವನಿಗೇ ಗೊತ್ತಿರಲಿಲ್ಲ. ಬಾಯಿ ಇಲ್ಲ ಎನ್ನುತ್ತಿದೆ, ಕೈ ಹೌದು ಎನ್ನುತ್ತಿದೆ! ನೋಡಿ ಸ್ವಾಮಿ, ಅವನ ಕೈ ನೋಡಿ, ಎಂದು ನಾನು ಎದ್ದು ನಿಂತು ಕೂಗಿದೆ. ಅಧಿಕಾರಿ ಬರೆದುಕೊಳ್ಳುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. "ಕೂತ್ಕೊಳ್ಳಿ ಅಮ್ಮ, ಇದೇನು ಸಂತೆಯಲ್ಲ" ಎಂದು ನನ್ನನ್ನೇ ಬೈದು ಕೂರಿಸಿದರು.

ಕೆಳಗಿನ ದರವೇ ಆಯಿತು. ಅದರ ಜೊತೆಗೆ, ಅರ್ಜಿದಾರ ಹೆಚ್ಚಿನ ಪರಿಹಾರದ ಆಸೆಯಿಂದ ತಪ್ಪು ಹೇಳಿಕೆ ನೀಡಿದ್ದಾನೆ ಎಂಬ ಒಂದು ಸಾಲು. ಆಸ್ಪತ್ರೆಗೆ ಕಂಪನಿ ಕಟ್ಟಿದ್ದು ಕಳೆದು, ವಕೀಲರ ಪಾಲು ಕಳೆದು, ಕೈಗೆ ಬಂದದ್ದರಲ್ಲಿ ಎರಡು ಹೊಲಿಗೆ ಯಂತ್ರವಿರಲಿ, ಒಂದೂ ಬರುತ್ತಿರಲಿಲ್ಲ. ಅವತ್ತು ಮನೆಗೆ ಬಂದು ಅಣ್ಣನಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ಕೈ ಕೊಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಕೈ ಕಳೆದುಕೊಂಡವನಿಗೇ ಕೈ ಕೊಟ್ಟ! ನಮ್ಮವರು ಗೋಡೆಗೊರಗಿ ಕೂತು ಒಂದೇ ಕೈಯಲ್ಲಿ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. "ದುಡ್ಡು ಹೋಗ್ಲಿ ಬಿಡೇ. ಸುಳ್ಳು ಹೇಳ್ದೆ ಅಂತ ಬರೆದ್ಬಿಟ್ರಲ್ಲ" ಎಂದರು. ಮೂರನೆಯ ಗುಂಡಿ ಬಿಚ್ಚಲು ಬರಲಿಲ್ಲ. ನಾನು ಹೋಗಿ ಬಿಚ್ಚಿದೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೀದಿಗೆ ನಿಜವಾದ ಮೊತ್ತ ಗೊತ್ತಾಯಿತು. ಗೊತ್ತಾದ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಟ್ಟರು! ಮನೆ ಒಡತಿ ಮುಚ್ಚಿದ ಪಾತ್ರೆಯಲ್ಲಿ 'ಏನೋ ಸ್ವಲ್ಪ ಮಾಡಿದ್ದೆ' ಎಂದು ತಂದುಕೊಟ್ಟು, "ಅಯ್ಯೋ ಪಾಪ, ಅಷ್ಟೇನಾ ಕೊಟ್ಟಿದ್ದು? ಹೊಟ್ಟೆಗೇನು ತಿಂತಾರೋ ಆ ಕಂಪನಿಯೋರು" ಎಂದು ಕಣ್ಣೊರೆಸಿಕೊಂಡಳು. ಸಕ್ಕರೆಯ ಅಂಗಡಿಯವನು ಸಾಲ ಬರೆದುಕೊಳ್ಳುತ್ತೇನೆ ಎಂದ. 'ಎಡಗೈ ಸಾಹುಕಾರ' ಮತ್ತೆ 'ಮಾಸ್ಟ್ರು' ಆದರು. ಹೆಚ್ಚು ಸಿಗುತ್ತದೆ ಎಂದಿದ್ದಾಗ ಅವರ ಕೈ ಯಾರಿಗೂ ಕಂಡಿರಲಿಲ್ಲ, ಏನೂ ಸಿಗಲಿಲ್ಲ ಎಂದ ಮೇಲೆ ಎಲ್ಲರಿಗೂ ಕಂಡಿತು. ಈ ಜನಕ್ಕೆ ಕರುಣೆಯಿಲ್ಲ ಎಂದು ನಾನು ಹೇಳುವುದಿಲ್ಲ. ಕರುಣೆ ಧಾರಾಳವಾಗಿದೆ. ಅದು ತಮಗಿಂತ ಕೆಳಗಿರುವವರಿಗೆ ಮಾತ್ರ, ಅಷ್ಟೇ.

ಒಂದು ರಜೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಗದ್ದಲ. ಕ್ಷೌರದವನು ಮುಂದೆ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಹಿಂದೆ ಮನೆ ಒಡತಿ, ಹಾಲಿನವನು, ಕಾರ್ಖಾನೆಯ ನನ್ನ ಪಕ್ಕದ ಯಂತ್ರದವಳು, ಇನ್ನೂ ಯಾರ್ಯಾರೋ. ಎಲ್ಲರಿಗಿಂತ ಹಿಂದೆ, ಎದುರು ಮನೆಯ ಗೋಡೆಗೆ ಅಂಟಿಕೊಂಡಂತೆ, ನನ್ನ ಅಣ್ಣ.

"ಬೀದಿಯೋರೆಲ್ಲ ಸೇರಿ ಕೂಡಿಸಿದ್ದೀವಿ ಅಕ್ಕ" ಎಂದ ಕ್ಷೌರದವನು. ಅವನ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾದ ನೀರು. "ನಮ್ಮ ಮಾಸ್ಟ್ರನ್ನ ನಾವು ಕೈ ಬಿಡ್ತೀವಾ?"

ಎಸೆದುಬಿಡಬೇಕು ಅನಿಸಿತು. ಆ ಡಬ್ಬಿಯನ್ನು ಕಿತ್ತುಕೊಂಡು ಚರಂಡಿಗೆ ಎಸೆದು, ಥೂ ನಿಮ್ಮ ಮುಖಕ್ಕೆ ಎನ್ನಬೇಕು ಅನಿಸಿತು. ಆದರೆ ಒಳಗೆ ಡಬ್ಬಗಳು ಖಾಲಿಯಿದ್ದವು, ಎದುರಿಗೆ ನಿಂತ ಒಡತಿಗೇ ಬಾಡಿಗೆ ಬಾಕಿಯಿತ್ತು. ಸಿಟ್ಟು ಹೊಟ್ಟೆ ತುಂಬಿಸುವುದಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.

"ಮಾಸ್ಟ್ರೇ, ನೀವೇ ತಗೊಳ್ಳಿ. ಒಂದು ಫೋಟೋ ತೆಗೀತೀವಿ" ಎಂದ ಹಾಲಿನವನು. ನಮ್ಮವರು ಒಳಗಿಂದ ಬಂದು ಬಲಗೈ ಚಾಚಿದರು. "ಆ ಕೈ ಅಲ್ಲ, ಆ ಕಡೆ ಕೈ. ಸ್ವಲ್ಪ ಮುಂದೆ ಹಿಡೀರಿ, ಕಾಣ್ಲಿ" ಎಂದ ಕ್ಷೌರದವನು. ಇವರು ನನ್ನ ಮುಖ ನೋಡಿದರು. ಆಮೇಲೆ ಬೆರಳಿಲ್ಲದ ಎಡಗೈಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

"ನಿನ್ನಣ್ಣನೇ ಕಣೇ, ಎಲ್ಲರಿಗಿಂತ ಮೊದಲು ಹಾಕಿದ್ದು" ಎಂದಳು ಪಕ್ಕದ ಯಂತ್ರದವಳು, ಮೆಲ್ಲಗೆ. "ಕವರ್ ಹಾಗೇ ಹಾಕ್ಬಿಟ್ರು. ಬಿಚ್ಚೂ ನೋಡಲಿಲ್ಲ."

ಡಬ್ಬಿಯಲ್ಲಿ ನೋಟು, ಚಿಲ್ಲರೆಗಳ ನಡುವೆ ಒಂದು ಉದ್ದನೆಯ ಕವರು, ಮೇಲೆ ಕಾರ್ಖಾನೆಯ ಮೊಹರು. ಈ ಸಲದ ಬೋನಸ್. ಕೇಸು ಮುಗಿದಿತ್ತಲ್ಲ, ಎಲ್ಲರಿಗೂ ಕೊಟ್ಟಿದ್ದರು. ಹಾಳಾದ ಕೇಸಿನವಳೆಂದು ನನಗೊಬ್ಬಳಿಗೆ ಕೊಟ್ಟಿರಲಿಲ್ಲ. ನಾನು ಕವರನ್ನು ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಅಂಚು ಹರಿದೆ. ಒಳಗಿದ್ದದ್ದನ್ನು ತೆಗೆದು ಅಂಗೈಯಲ್ಲಿ ಹರಡಿದೆ. ಎಣಿಸುವುದಕ್ಕೆ ಹೊತ್ತು ಹಿಡಿಯಲಿಲ್ಲ. ನನ್ನ ಗಂಡನ ಕೈಗೆ ಬಹಳ ಕಡಿಮೆ ಕೊಟ್ಟರೆಂದು ನಾನು ಅಷ್ಟು ದಿನ ಅತ್ತಿದ್ದೆ. ನನ್ನ ಅಣ್ಣನ ನಾಲಿಗೆಗೆ ಅದಕ್ಕಿಂತ ಎಷ್ಟೋ ಕಡಿಮೆ ಕೊಟ್ಟಿದ್ದರು.

ಜನ ದಾರಿ ಬಿಟ್ಟರು. ನಾನು ಬೀದಿ ದಾಟಿ ಅವನ ಮುಂದೆ ಹೋಗಿ ನಿಂತೆ. ಬೈಯುತ್ತೇನೆ ಎಂದುಕೊಂಡು ಅವನು ಕಣ್ಣು ಮುಚ್ಚಿಕೊಂಡ. ಬೈಯಲು ನಾನೂ ಬಾಯಿ ತೆರೆದಿದ್ದೆ, ಆದರೆ ಬೈಗುಳ ಬರಲಿಲ್ಲ.

"ಇಷ್ಟಕ್ಕೇನಾ, ಅಣ್ಣ?" ಎಂದೆ.